ಇರುವೆ, ಹೆಣ ಮತ್ತು ಬಾಗಿಲಿಗೆ ಬಂದ ಹೆಂಗಸು: ಒಂದು ಓದಿನ ಪ್ರಕರಣ

ಮನುಷ್ಯನೊಳಗಿನ ಕೇಡನ್ನು ಕತೆಗಾರ ಹೆಸರಿಟ್ಟು ಕರೆಯದೆ, ಒಂದು ವಸ್ತುವಿನ ಅಥವಾ ಜೀವಿಯ ಮೂಲಕ ಓದುಗನಿಗೆ ಮುಟ್ಟಿಸಲು ಹೊರಟಾಗ ಆ ಕೆಲಸ ಕತೆಯ ಯಾವ ಜಾಗದಲ್ಲಿ ನಡೆಯುತ್ತದೆ ಎಂಬುದು ಈ ಬರಹದ ಪ್ರಶ್ನೆ. ಇದನ್ನು ಸಾಹಿತ್ಯ ಸಿದ್ಧಾಂತದ ಮಾತುಗಳಲ್ಲಿ ಚರ್ಚಿಸಲು ಸಾಧ್ಯವಿದ್ದರೂ ಇಲ್ಲಿ ಒಂದೇ ಪ್ರಕರಣವನ್ನು ಹಿಡಿದು ನೋಡಲಾಗಿದೆ. ಬೆಂಗಳೂರಿನ ಬಸವನಗುಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಸಣ್ಣ ಓದುಗರ ಕೂಟವೊಂದರಲ್ಲಿ, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೀಳ್ಗತೆಯನ್ನು ಓದುತ್ತಿದ್ದಾಗ ಎದ್ದ ಭಿನ್ನಾಭಿಪ್ರಾಯ, ಅದು ಮುಂದಿನ ಸಭೆಯಲ್ಲಿ ‘ಸಂಸ್ಕಾರ’ ಕಾದಂಬರಿಯ ಓದಿಗೆ ಹರಿದ ರೀತಿ, ಮತ್ತು ಅಲ್ಲಿ ಅದು ಪಡೆದ ಅನಿರೀಕ್ಷಿತ ತಿರುವು ಈ ಪ್ರಕರಣದ ವಸ್ತು. ಕೂಟದ ಸದಸ್ಯರ ಹೆಸರುಗಳನ್ನು ಬಿಟ್ಟಿದ್ದೇನೆ. ಚರ್ಚೆಯನ್ನು ನಡೆಸುವ ಹೊಣೆ ನನ್ನದಾಗಿತ್ತು.

2013ರಲ್ಲಿ ಪ್ರಕಟವಾದ ಆ ನೀಳ್ಗತೆಯನ್ನು ಓದದವರಿಗಾಗಿ ಇಷ್ಟು ಹೇಳಬೇಕು. ಬೆಂಗಳೂರಿನ ಕೆಳಮಧ್ಯಮ ವರ್ಗದ ಕುಟುಂಬವೊಂದು, ಚಿಕ್ಕಪ್ಪ ಶುರುಮಾಡಿದ ಮಸಾಲೆ ವ್ಯಾಪಾರದಿಂದ ಏಕಾಏಕಿ ಶ್ರೀಮಂತವಾಗುತ್ತದೆ. ಕತೆ ಹೇಳುವವನು ಆ ಮನೆಯ ಮಗ. ಅವನಿಗೆ ಕೆಲಸವಿಲ್ಲ, ಕೆಲಸದ ಅಗತ್ಯವೂ ಇಲ್ಲ, ಕಾಫಿ ಹೌಸಿನಲ್ಲಿ ಹೊತ್ತು ಕಳೆಯುತ್ತಾನೆ. ದುಡಿಯುವವನು ಚಿಕ್ಕಪ್ಪನಾದ್ದರಿಂದ ಮನೆಯ ಊಟ, ತಿಂಡಿ, ಮೌನ, ಮಾತು ಎಲ್ಲವೂ ಅವನ ಅನುಕೂಲದ ಸುತ್ತ ತಿರುಗುತ್ತವೆ. ಈ ಕತೆಯ ಎರಡು ಸನ್ನಿವೇಶಗಳು ನಮ್ಮ ಚರ್ಚೆಯ ಕೇಂದ್ರದಲ್ಲಿದ್ದವು. ಒಂದು, ಕುಟುಂಬ ಇನ್ನೂ ಬಡತನದಲ್ಲಿದ್ದಾಗ ಹಳೆಯ ಪುಟ್ಟ ಮನೆಗೆ ಇರುವೆಗಳು ನುಗ್ಗುವ ಭಾಗ. ಮೊದಲು ತಿಂಡಿತೀರ್ಥವನ್ನು ಕಾಪಾಡಿಕೊಳ್ಳುವ ಉಪಾಯವಾಗಿ ಶುರುವಾದದ್ದು ಬರುಬರುತ್ತ ಯುದ್ಧವಾಗುತ್ತದೆ, ಮತ್ತು ಮನೆಯವರಿಗೆ ಇರುವೆ ಕೊಲ್ಲುವುದರಲ್ಲಿ ಒಂದು ಬಗೆಯ ಖುಷಿ ಹುಟ್ಟಿಕೊಳ್ಳುತ್ತದೆ. ಇನ್ನೊಂದು, ಹೊಸ ಮನೆಯ ಬಾಗಿಲಿಗೆ ಹೆಂಗಸೊಬ್ಬಳು ಚಿಕ್ಕಪ್ಪನನ್ನು ಹುಡುಕಿಕೊಂಡು ಬರುವ ಭಾಗ. ಅವನಿಗಿಷ್ಟವೆಂದು ಮಸೂರು ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಅಮ್ಮ ಮತ್ತು ಮಗಳು ಮಾಲತಿ ಅವಳನ್ನು ಕೇಳಬಾರದ ಮಾತುಗಳಲ್ಲಿ ಬೈದು ಓಡಿಸುತ್ತಾರೆ. ಅಡುಗೆ ನೆಲದ ಪಾಲಾಗುತ್ತದೆ. ಚಿಕ್ಕಪ್ಪ ಒಳಗಿನಿಂದ ಹೊರಗೆ ಬರುವುದೇ ಇಲ್ಲ. ಅದನ್ನು ಪ್ರಶ್ನಿಸುವವಳು ಮನೆಗೆ ಹೊಸದಾಗಿ ಬಂದ ಸೊಸೆ ಅನಿತಾ ಒಬ್ಬಳೇ.

ಕಾಲದ ಲೆಕ್ಕದಲ್ಲಿ ಇರುವೆಗಳದ್ದು ಮೊದಲಿನದು, ಹೆಂಗಸಿನದು ಎಷ್ಟೋ ವರ್ಷಗಳ ನಂತರದ್ದು. ಕತೆಗಾರ ಇವೆರಡನ್ನು ಎಲ್ಲಿಯೂ ಪಕ್ಕಪಕ್ಕಕ್ಕೆ ತಂದು ನಿಲ್ಲಿಸುವುದಿಲ್ಲ, ಒಂದು ಇನ್ನೊಂದರ ಹಾಗಿತ್ತು ಎಂದು ನಿರೂಪಕನ ಬಾಯಲ್ಲಿ ಹೇಳಿಸುವುದಿಲ್ಲ. ಜೋಡಿಸುವ ಕೆಲಸವನ್ನು ಓದುಗನಿಗೆ ಬಿಟ್ಟಿದ್ದಾನೆ. ನಮ್ಮ ಕೂಟದಲ್ಲಿ ಆ ಜೋಡಣೆಯನ್ನು ಮೊದಲು ಮಾಡಿದವರು ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಉಪನ್ಯಾಸಕಿ. ಆ ಮನೆಯವರು ಒಟ್ಟಾಗಿ, ಒಂದೇ ಮನಸ್ಸಿನಿಂದ, ಉತ್ಸಾಹದಿಂದ ಏನನ್ನಾದರೂ ಮಾಡುವುದು ಕೊಲ್ಲುವಾಗ ಅಥವಾ ಓಡಿಸುವಾಗ ಮಾತ್ರ ಎಂದು ಅವರು ತೋರಿಸಿಕೊಟ್ಟರು. ಉಳಿದ ಹೊತ್ತಿನಲ್ಲಿ ಒಬ್ಬೊಬ್ಬರೂ ಇನ್ನೊಬ್ಬರ ಲೆಕ್ಕ ಹಾಕುತ್ತಿರುತ್ತಾರೆ. ಹೀಗಾಗಿ ಇರುವೆ ಕೇಡಿನ ಸಂಕೇತ ಎನ್ನುವುದಕ್ಕಿಂತ, ಇರುವೆಯ ಎದುರು ಆ ಕುಟುಂಬ ಕುಟುಂಬವಾಗುವ ರೀತಿಯೇ ಕೇಡಿನ ಸಂಕೇತ ಎಂಬುದು ಅವರ ವಾದ.

ಇದಕ್ಕೆ ಆಕ್ಷೇಪ ಬಂದದ್ದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಂದ. ಅವರ ಮಾತನ್ನು ಅವರ ಧಾಟಿಯಲ್ಲೇ ಕೊಡುತ್ತೇನೆ: “ಮೇಡಂ, ನಮ್ಮನೇಲೂ ಇರುವೆ ಬರತ್ತೆ. ನಮ್ಮ ಮನೆಯವರು ಸ್ಟೋರ್ ರೂಮಿನ ಸುತ್ತ ಸೀಮೆಸುಣ್ಣದ ಗೆರೆ ಎಳೀತಾರೆ, ಬೆಳಿಗ್ಗೆ ನಾನು ಪೊರಕೆ ತಗೊಂಡು ಸತ್ತವನ್ನ ಗುಡಿಸ್ತೀನಿ. ಹಂಗಂತ ನಾವು ಕೊಲೆಗಡುಕರಾ? ಇರುವೆ ಅಂದ್ರೆ ಇರುವೆ. ನೀವು ಮೇಷ್ಟ್ರುಗಳು ಎಲ್ಲದಕ್ಕೂ ಒಂದು ಅರ್ಥ ಅಂಟಿಸಿಬಿಡ್ತೀರಿ.” ಕೆಲವರು ನಕ್ಕರು. ಆದರೆ ಸಂಕೇತಗಳ ಬಗೆಗಿನ ಚರ್ಚೆಯಲ್ಲಿ ಈ ಆಕ್ಷೇಪಕ್ಕಿಂತ ಗಟ್ಟಿಯಾದದ್ದು ಇಲ್ಲವೆಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಇರುವೆ ಕೊಲ್ಲುವವರೆಲ್ಲ ದುಷ್ಟರಾಗಿದ್ದರೆ ಆ ಸನ್ನಿವೇಶಕ್ಕೆ ಅರ್ಥವೇ ಉಳಿಯುವುದಿಲ್ಲ; ಯಾರೂ ದುಷ್ಟರಲ್ಲದಿದ್ದರೆ ಕತೆಗಾರ ಅಷ್ಟು ಪುಟಗಳನ್ನು ಅದಕ್ಕಾಗಿ ಖರ್ಚು ಮಾಡಿದ್ದು ಯಾಕೆಂದು ಹೇಳಬೇಕಾಗುತ್ತದೆ.

ಉತ್ತರ ಉಪನ್ಯಾಸಕಿಯಿಂದ ಬರಲಿಲ್ಲ, ನನ್ನಿಂದಲೂ ಬರಲಿಲ್ಲ. ಹನುಮಂತನಗರದಿಂದ ಬರುವ, ಸಭೆಯಲ್ಲಿ ಹೆಚ್ಚು ಮಾತಾಡದ ಹಿರಿಯ ಮಹಿಳೆಯೊಬ್ಬರು ಎರಡೇ ವಾಕ್ಯ ಹೇಳಿದರು: “ಇರುವೆ ಬರೋದು ನಮ್ಮನೇದು ತಿನ್ನೋಕೆ. ಆ ಹೆಂಗಸು ಬಂದಿದ್ದು ತಿನ್ನಿಸೋಕೆ.” ಆಮೇಲೆ ಅವರು ಸುಮ್ಮನಾದರು, ಆದರೆ ಚರ್ಚೆ ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಈ ಮಾತನ್ನು ಬಿಡಿಸಿ ನೋಡಿದರೆ, ಸಂಕೇತದ ಬಲ ಹೋಲಿಕೆಯಲ್ಲಿದೆ ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ತಲೆಕೆಳಗಾಗುತ್ತದೆ. ಇರುವೆಗೂ ಆ ಹೆಂಗಸಿಗೂ ಹೋಲಿಕೆ ಇಲ್ಲವೆಂಬುದೇ ಇಲ್ಲಿ ಮುಖ್ಯ. ಒಂದು ಕದಿಯಲು ಬರುವ ಜೀವಿ, ಕಡೇಪಕ್ಷ ಮನೆಯವರ ಲೆಕ್ಕದಲ್ಲಿ. ಇನ್ನೊಬ್ಬಳು ಅಡುಗೆ ಮಾಡಿ, ಡಬ್ಬಿಯಲ್ಲಿ ಹಾಕಿಕೊಂಡು, ಕೊಡಲು ಬಂದವಳು. ಎರಡನ್ನೂ ಒಂದೇ ಹುಮ್ಮಸ್ಸಿನಿಂದ, ಒಂದೇ ಮನೆತನದ ಒಗ್ಗಟ್ಟಿನಿಂದ ಎದುರಿಸುವ ಜನರಿಗೆ ಅವೆರಡರ ನಡುವಿನ ವ್ಯತ್ಯಾಸ ಕಾಣುವುದೇ ನಿಂತುಹೋಗಿದೆ. ಕೇಡು ಇರುವುದು ಈ ಕಾಣದಿರುವಿಕೆಯಲ್ಲಿ. ಬ್ಯಾಂಕಿನ ಅಧಿಕಾರಿ ಬೆಳಿಗ್ಗೆ ಇರುವೆ ಗುಡಿಸುತ್ತಾರೆ, ಆದರೆ ಅವರ ಬಾಗಿಲಿಗೆ ಯಾರಾದರೂ ಅನ್ನ ತಂದರೆ ಅವರ ಕೈ ಪೊರಕೆಗೆ ಹೋಗುವುದಿಲ್ಲ. ಆ ಮನೆಯವರ ಕೈ ಹೋಗುತ್ತದೆ. ಸಂಕೇತ ಮತ್ತು ಅದು ಸೂಚಿಸುವ ಸಂಗತಿ ಒಂದರ ಮೇಲೊಂದು ಸರಿಯಾಗಿ ಕೂರದೆ, ನಡುವೆ ಉಳಿಯುವ ಬಿರುಕಿನಲ್ಲಿ ಓದುಗನಿಗೆ ಕೇಡು ಕಾಣಿಸುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಬಿರುಕನ್ನು ಮುಚ್ಚಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕತೆಯ ಹೊರಗಿನ ಉದಾಹರಣೆಯೊಂದು ಆ ಸಂಜೆ ಚರ್ಚೆಗೆ ಬಂತು. 1994ರಲ್ಲಿ ರುವಾಂಡಾದಲ್ಲಿ ಟುಟ್ಸಿ ಜನರ ನರಮೇಧ ನಡೆದಾಗ ಅಲ್ಲಿನ ರೇಡಿಯೊ ಪ್ರಸಾರಗಳು ಅವರನ್ನು ಜಿರಲೆಗಳೆಂದು ಕರೆಯುತ್ತಿದ್ದವು. ಅದೂ ಒಂದು ರೂಪಕವೇ, ಮತ್ತು ತಾಂತ್ರಿಕವಾಗಿ ನೋಡಿದರೆ ಕತೆಗಾರ ಬಳಸುವ ಸಲಕರಣೆಯೇ. ಆದರೆ ಅಲ್ಲಿ ಸಮೀಕರಣ ಪೂರ್ತಿಯಾಗಿದೆ: ಈ ಮನುಷ್ಯ ಈ ಹುಳು, ಆದ್ದರಿಂದ ಹುಳುವಿಗೆ ಮಾಡುವುದನ್ನು ಇವನಿಗೂ ಮಾಡಬಹುದು. ಕೇಳುಗ ತಾನಾಗಿ ಯೋಚಿಸಬೇಕಾದ ಜಾಗವನ್ನೇ ಆ ಪ್ರಸಾರ ಮುಚ್ಚಿಬಿಟ್ಟಿತು. ಶಾನಭಾಗರ ಕತೆಯಲ್ಲಿ ಯಾರೂ ಆ ಹೆಂಗಸನ್ನು ಇರುವೆ ಎನ್ನುವುದಿಲ್ಲ. ಎಂದಿದ್ದರೆ ಆ ಪಾತ್ರದ ದುಷ್ಟತನ ಓದುಗನಿಗೆ ಸುಲಭವಾಗಿ ಸಿಕ್ಕಿಬಿಡುತ್ತಿತ್ತು, ಮತ್ತು ಸಿಕ್ಕಿದ ಮೇಲೆ ಅವನು ಅದರಿಂದ ದೂರ ನಿಂತು ನೋಡುತ್ತಿದ್ದ.

ದೂರ ನಿಲ್ಲಲಾಗದಂತೆ ಮಾಡುವುದಕ್ಕೆ ಕತೆ ಬಳಸುವ ಉಪಾಯ ನಗು. ಇರುವೆಯ ಪುಟಗಳನ್ನು ಓದುವಾಗ ನಕ್ಕವರು ಯಾರು ಎಂದು ಕೇಳಿದಾಗ ಕೂಟದ ಬಹುತೇಕರು ಕೈ ಎತ್ತಿದರು. ಆ ಬರವಣಿಗೆ ಹಾಗಿದೆ. ಒಂದು ಸಣ್ಣ ಮನೆಯ ಸಣ್ಣ ಯುದ್ಧವನ್ನು ಅದು ಇಂಥ ಮನೆಗಳಲ್ಲಿ ಬೆಳೆದವರಿಗೆಲ್ಲ ಗುರುತು ಸಿಗುವಂತೆ ಹೇಳುತ್ತದೆ. ಗುರುತು ಸಿಕ್ಕಿ ನಕ್ಕ ಓದುಗ ಆ ಮನೆಯ ಪಕ್ಷವನ್ನು ಸೇರಿಯಾಗಿರುತ್ತಾನೆ. ಬಾಗಿಲಿನ ಸನ್ನಿವೇಶದಲ್ಲಿ ಅವನು ಆ ಪಕ್ಷದಿಂದ ಹೊರಬರಬೇಕಾಗುತ್ತದೆ, ಮತ್ತು ಹೊರಬರುವಾಗ ತಾನು ಒಳಗಿದ್ದೆ ಎಂಬುದು ಅವನಿಗೆ ಗೊತ್ತಾಗುತ್ತದೆ. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಾಗ, ಆ ಮುಖವರ್ಣಿಕೆ, ಆ ಅಬ್ಬರ ಕಂಡ ಕೂಡಲೇ ರಕ್ಕಸ ಬಂದನೆಂದು ಮಕ್ಕಳಿಗೂ ತಿಳಿಯುತ್ತದೆ. ಆ ಕಲೆಗೆ ಅದು ಬೇಕು, ಅದರ ಸೊಗಸೂ ಅದೇ. ಆದರೆ ಮುಖಕ್ಕೆ ಬಣ್ಣವಿಲ್ಲದ, ಡೈನಿಂಗ್ ಟೇಬಲ್ಲಿನಲ್ಲಿ ಕೂತು ಉಪ್ಪಿಟ್ಟು ತಿನ್ನುವ ಕೇಡಿಗೆ ಆಧುನಿಕ ಕತೆಗಾರ ಬೇರೆ ಗುರುತು ಹುಡುಕಬೇಕಾಯಿತು.

ಇದೇ ಕತೆಯ ಕೊನೆಯ ಸಂಕೇತ ನನಗೆ ಅಷ್ಟು ಒಪ್ಪಿಗೆಯಾಗಿಲ್ಲ. ಕಾಫಿ ಹೌಸಿನಲ್ಲಿ ನಿರೂಪಕನ ಕೈಯ ಲೋಟ ಒಡೆದು ರಕ್ತ ಬರುತ್ತದೆ, ಮಾಣಿ ವಿನ್ಸೆಂಟ್ ಅದನ್ನು ತೋರಿಸಿ ಕೈ ತೊಳೆದುಕೊಳ್ಳಿ ಎನ್ನುತ್ತಾನೆ. ಕೈಗಂಟಿದ ರಕ್ತಕ್ಕೆ ಶೇಕ್ಸ್‌ಪಿಯರನ ಲೇಡಿ ಮ್ಯಾಕ್‌ಬೆತ್ ನಿದ್ದೆಗಣ್ಣಿನಲ್ಲಿ ಕೈ ಉಜ್ಜಿಕೊಂಡ ಕಾಲದಿಂದಲೂ ಒಂದು ನಿಶ್ಚಿತ ಬೆಲೆ ಇದೆ, ಓದುಗ ಅದನ್ನು ನೋಡಿದ ಕೂಡಲೇ ಚಿಲ್ಲರೆ ಎಣಿಸಿಕೊಂಡುಬಿಡುತ್ತಾನೆ. ನಮ್ಮ ಕೂಟದ ಸಾಫ್ಟ್‌ವೇರ್ ಯುವಕನಿಗೆ ಮಾತ್ರ ಇಡೀ ಕತೆಯಲ್ಲಿ ಅತ್ಯಂತ ಬಲವಾದದ್ದು ಆ ಅಂತ್ಯವೇ. ಅವರ ಸಮರ್ಥನೆಯೂ ತಳ್ಳಿಹಾಕುವಂಥದ್ದಲ್ಲ: ಉಳಿದವರು ಮಾತಿನಲ್ಲಿ, ಕೈಯಲ್ಲಿ ಮಾಡಿದ ಕೇಡನ್ನು ನಿರೂಪಕ ಸುಮ್ಮನಿದ್ದು ಮಾಡಿದವನು, ಆದ್ದರಿಂದ ಅವನ ಕೈಯಲ್ಲಿ ಏನಾದರೊಂದು ಕಾಣಲೇಬೇಕಿತ್ತು. ಈ ವಿಷಯದಲ್ಲಿ ನಾವು ಒಮ್ಮತಕ್ಕೆ ಬರಲಿಲ್ಲ.

ಮುಂದಿನ ತಿಂಗಳು ಬ್ಯಾಂಕ್ ಅಧಿಕಾರಿಯ ಆಕ್ಷೇಪವನ್ನೇ ಪರೀಕ್ಷೆಗೆ ಒಡ್ಡೋಣವೆಂದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಎತ್ತಿಕೊಂಡೆವು. ಸಂಕೇತದ ಪಾಠಕ್ಕೆ ಕನ್ನಡದಲ್ಲಿ ಈ ಕಾದಂಬರಿಯಷ್ಟು ಬಳಕೆಯಾದ ಕೃತಿ ಕಡಿಮೆ, ಹಾಗಾಗಿಯೇ ಇದರಷ್ಟು ಸವೆದದ್ದೂ ಕಡಿಮೆ. ದೂರ್ವಾಸಪುರದ ಅಗ್ರಹಾರದಲ್ಲಿ, ಆಚಾರಗಳನ್ನೆಲ್ಲ ಮುರಿದು ಬದುಕಿದ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕೆಂದು ನಿರ್ಧಾರವಾಗದೆ ಹೆಣ ಕೊಳೆಯುತ್ತದೆ. ಗೈಡುಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಕೊಳೆಯುವ ಹೆಣ ಎಂದರೆ ಕೊಳೆಯುತ್ತಿರುವ ಸಂಪ್ರದಾಯ. ಈ ಉತ್ತರ ತಪ್ಪಲ್ಲ, ಆದರೆ ಅದನ್ನು ಬರೆದ ವಿದ್ಯಾರ್ಥಿ ಕಾದಂಬರಿಯನ್ನು ಮತ್ತೆ ತೆರೆಯಬೇಕಾದ ಅಗತ್ಯವೇ ಉಳಿಯುವುದಿಲ್ಲ.

ತೆರೆದು ನೋಡಿದರೆ ಆ ಹೆಣ ಮೊದಲು ಮಾಡುವ ಕೆಲಸ ಜನರನ್ನು ಹಸಿವಿಗೆ ದೂಡುವುದು. ಹೆಣ ಇರುವತನಕ ಅಗ್ರಹಾರದಲ್ಲಿ ಒಲೆ ಹೊತ್ತಿಸುವಂತಿಲ್ಲ. ಹಸಿವು ತಾಳಲಾರದ ದಾಸಾಚಾರ್ಯ ಪಾರಿಜಾತಪುರಕ್ಕೆ ಹೋಗಿ, ತಮಗಿಂತ ಕೆಳಗಿನವರೆಂದು ಎಣಿಸಿದವರ ಮನೆಯಲ್ಲಿ ತಿಂದು ಬರುತ್ತಾನೆ. ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನು ಬಿಚ್ಚಿ, ಸಂಸ್ಕಾರದ ಖರ್ಚಿಗೆಂದು ಮುಂದಿಡುತ್ತಾಳೆ. ಅಲ್ಲಿಯವರೆಗೆ ಒಲ್ಲೆ ಎನ್ನುತ್ತಿದ್ದವರ ಮನಸ್ಸಿನಲ್ಲಿ ಲೆಕ್ಕಗಳು ಶುರುವಾಗುತ್ತವೆ. ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವೆ, ಅವನ್ನು ಓಡಿಸಲು ಬ್ರಾಹ್ಮಣರು ಪೂಜೆಯ ಶಂಖ ಜಾಗಟೆಗಳನ್ನು ಬಳಸುತ್ತಾರೆ. ದೇವರನ್ನು ಕರೆಯುವ ಸದ್ದಿನಿಂದಲೇ ಹದ್ದನ್ನು ಓಡಿಸುವ ಆ ಚಿತ್ರ ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ನಿರ್ದಯವಾಗಿ ಕಾಣುತ್ತದೆ, ಮತ್ತು ಅನಂತಮೂರ್ತಿ ಅದರ ಮೇಲೆ ವ್ಯಾಖ್ಯಾನದ ಒಂದು ಮಾತನ್ನೂ ಹೊರಿಸಬೇಕಿರಲಿಲ್ಲ. ಇಲ್ಲಿ ಯಾರೂ ಯಾರನ್ನೂ ದ್ವೇಷದಿಂದ ನಾಶಮಾಡುವುದಿಲ್ಲ. ಹಸಿವು, ಸೆಕೆ, ದುರ್ನಾತ, ಚಿನ್ನದ ತೂಕ, ಪಕ್ಕದವನಿಗೆ ಎಲ್ಲಿ ಹೆಚ್ಚು ಸಿಕ್ಕೀತೋ ಎಂಬ ಸಂಶಯ, ಇಷ್ಟೇ ಸಾಮಗ್ರಿ.

ಚಂದ್ರಿ ಕೊನೆಗೆ ಮುಸ್ಲಿಂ ಮೀನು ವ್ಯಾಪಾರಿಯೊಬ್ಬನ ನೆರವಿನಿಂದ ರಾತ್ರೋರಾತ್ರಿ ಹೆಣವನ್ನು ಸುಡಿಸಿ ಊರು ಬಿಡುತ್ತಾಳೆ. ಧರ್ಮಶಾಸ್ತ್ರದ ಗ್ರಂಥಗಳು ಬಿಡಿಸಲಾಗದ ಸಮಸ್ಯೆ ಒಂದು ಗಾಡಿ ಮತ್ತು ಒಂದಿಷ್ಟು ಸೌದೆಯಿಂದ ಮುಗಿಯುತ್ತದೆ. ಆದರೆ ಈ ಸುದ್ದಿ ಅಗ್ರಹಾರದವರಿಗೆ ಗೊತ್ತಿಲ್ಲ. ಅವರು ಇಲ್ಲದ ಹೆಣದ ಬಗ್ಗೆ ಅಪ್ಪಣೆ ಕೇಳಿಕೊಂಡು ಮಠಗಳತ್ತ ನಡೆಯುತ್ತಿರುತ್ತಾರೆ. ಸಂಪ್ರದಾಯದ ಕೊಳೆತ ಎಂಬ ಸಮೀಕರಣಕ್ಕೆ ಈ ಭಾಗ ಒಗ್ಗುವುದಿಲ್ಲ, ಯಾಕೆಂದರೆ ಕೊಳೆಯುವ ವಸ್ತು ಇಲ್ಲವಾದ ಮೇಲೂ ಅದರ ಆಳ್ವಿಕೆ ಮುಂದುವರಿದಿದೆ. ಇಲ್ಲಿಯೂ ಸಂಕೇತ ಕೆಲಸ ಮಾಡುವುದು ತಾನು ಪೂರ್ತಿ ಕೂರದ ಜಾಗದಲ್ಲಿ.

ಬ್ಯಾಂಕ್ ಅಧಿಕಾರಿಯವರು ಆ ದಿನ ಹೆಣದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅವರು ಹಿಡಿದದ್ದು ಇಲಿಗಳನ್ನು. ನಾರಣಪ್ಪ ಸತ್ತದ್ದು ಪ್ಲೇಗಿನಿಂದ. ಅಗ್ರಹಾರಕ್ಕೆ ಇಲಿಗಳು ಬಂದು ಗಿರಕಿ ಹೊಡೆದು ಸಾಯುತ್ತವೆ. ಜನ ಅದನ್ನು ಕಾಣುತ್ತಾರೆ, ಆದರೆ ರೋಗದ ಸುಳಿವೆಂದು ತಿಳಿಯದೆ, ಸಂಸ್ಕಾರ ತಡವಾದುದರ ಅಪಶಕುನವೆಂದು ತಿಳಿಯುತ್ತಾರೆ. “ಈಗ ಹೇಳಿ ಮೇಡಂ,” ಎಂದರು ಅವರು, “ಇಲಿ ಅಂದ್ರೆ ಇಲಿ ಅಂತ ಅವರಲ್ಲಿ ಒಬ್ಬನಾದರೂ ಅಂದಿದ್ದರೆ ಎಷ್ಟು ಜನ ಬದುಕ್ತಿದ್ರು?”

ಇದು ಪ್ರಕರಣದ ತಿರುವು. ಆ ಮಾತಿಗೆ ಬಸವನಗುಡಿಯಲ್ಲಿ ಇನ್ನೂ ಒಂದು ತೂಕವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ನಂತರ ಕಿಕ್ಕಿರಿದ ಪೇಟೆಯಿಂದ ಜನ ಹೊರಗೆ ಬಂದು ನೆಲೆಸಿದ ಹೊಸ ಬಡಾವಣೆಗಳಲ್ಲಿ ಮಲ್ಲೇಶ್ವರದ ಜೊತೆಗೆ ಬಸವನಗುಡಿಯೂ ಒಂದು. ಅಗಲವಾದ ರಸ್ತೆ, ಗಾಳಿ ಬೆಳಕಿನ ನಿವೇಶನಗಳ ಹಿಂದೆ ಆ ಭಯವೂ ಇತ್ತು. ಅದೇ ಊರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು, ಇಂದಿಗೂ ಪೂಜೆ ಪಡೆಯುತ್ತಿವೆ. ಒಂದೇ ರೋಗಕ್ಕೆ ಒಂದೇ ನಗರ ಎರಡು ಬಗೆಯಲ್ಲಿ ಉತ್ತರಿಸಿತು, ಮತ್ತು ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿತು. (ಗುಡಿ ಕಟ್ಟಿದವರೇ ಮನೆ ಬದಲಾಯಿಸಿದ್ದೂ ಉಂಟಾಗಿರಬಹುದು; ಭಕ್ತಿಗೂ ಮುನ್ನೆಚ್ಚರಿಕೆಗೂ ನಮ್ಮಲ್ಲಿ ಯಾವತ್ತೂ ಜಗಳವಿಲ್ಲ.) ಅಗ್ರಹಾರದವರು ಮಾತ್ರ ಇಲಿಯಲ್ಲಿ ಅರ್ಥವನ್ನು ಹುಡುಕುವ ಆತುರದಲ್ಲಿ ಇಲಿಯನ್ನು ನೋಡುವುದನ್ನು ಮರೆತರು.

ಹೀಗೆ ನೋಡಿದಾಗ ‘ಸಂಸ್ಕಾರ’ ಸಂಕೇತಗಳನ್ನು ಬಳಸುವ ಕಾದಂಬರಿಯಷ್ಟೇ ಆಗಿ ಉಳಿಯದೆ, ಸಂಕೇತವನ್ನು ಕೆಟ್ಟದಾಗಿ ಓದುವ ಜನರ ಕುರಿತ ಕಾದಂಬರಿಯೂ ಆಗುತ್ತದೆ. ಶಾಸ್ತ್ರ ನೋಡಿ ತೀರ್ಮಾನ ಹೇಳಬೇಕಾಗಿದ್ದ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರೂ ಇದಕ್ಕೆ ಹೊರತಲ್ಲ. ನಿರ್ಧಾರ ತಮ್ಮಿಂದಾಗದೆ ಮಾರುತಿಯ ಗುಡಿಗೆ ಹೋಗಿ, ಬಲಕ್ಕೋ ಎಡಕ್ಕೋ ಹೂ ಬೀಳಲೆಂದು ದಿನವೆಲ್ಲ ಕಾಯುತ್ತಾರೆ, ಹೂ ಬೀಳುವುದಿಲ್ಲ. ಅಷ್ಟು ಹೊತ್ತಿಗೆ ಊರಿನಲ್ಲಿ ಹೆಣ ಇನ್ನಷ್ಟು ನಾರಿರುತ್ತದೆ. ಒಬ್ಬ ಒಳ್ಳೆಯ ಮನುಷ್ಯ, ಲೋಭವಿಲ್ಲದವನು, ಕಾಯಿಲೆಯ ಹೆಂಡತಿಯನ್ನು ವರ್ಷಗಟ್ಟಲೆ ನೋಡಿಕೊಂಡವನು, ಕೇಡಿನ ಪಾಲುದಾರನಾಗುವುದು ಈ ಕಾಯುವಿಕೆಯಲ್ಲಿ. ‘ಘಾಚರ್ ಘೋಚರ್’ನ ನಿರೂಪಕನ ಮೌನದ ಜೊತೆಗೆ ಇದನ್ನು ಇಟ್ಟು ನೋಡಿದವರು ನಮ್ಮ ಯುವಕ ಸದಸ್ಯರು. ಒಬ್ಬನಿಗೆ ಶಾಸ್ತ್ರದ ನೆಪ, ಇನ್ನೊಬ್ಬನಿಗೆ ಮನೆಯ ನೆಮ್ಮದಿಯ ನೆಪ ಎಂದು ಅವರು ಹೇಳಿದ್ದು ನನಗೆ ಸ್ವಲ್ಪ ಸರಳವೆನಿಸಿತು, ಏಕೆಂದರೆ ಆಚಾರ್ಯರು ಮುಂದೆ ಆ ನೆಪವನ್ನು ಕಳಚಿಕೊಂಡು ದಾರಿ ಹಿಡಿಯುತ್ತಾರೆ, ನಿರೂಪಕ ತನ್ನ ಕುರ್ಚಿಯಿಂದ ಏಳುವುದಿಲ್ಲ.

ಹಾಗಾದರೆ ಬ್ಯಾಂಕ್ ಅಧಿಕಾರಿ ಗೆದ್ದರೆ? ಅರ್ಧ ಗೆದ್ದರು ಎಂದು ನನ್ನ ತೀರ್ಮಾನ. ಸಂಕೇತವಾಗುವ ವಸ್ತು ಮೊದಲು ವಸ್ತುವಾಗಿ ಉಳಿಯಬೇಕು. ಇರುವೆ ನಿಜವಾದ ಇರುವೆಯಾಗಿ ಸಕ್ಕರೆ ಡಬ್ಬಿಗೆ ಮುತ್ತಬೇಕು, ಇಲಿ ನಿಜವಾದ ಪ್ಲೇಗನ್ನು ಹೊತ್ತು ತರಬೇಕು, ಹೆಣ ನಿಜವಾಗಿ ನಾರಬೇಕು. ಅದಿಲ್ಲದೆ ಅರ್ಥವನ್ನು ಮಾತ್ರ ಹಿಡಿದ ಓದುಗನಿಗೂ ದೂರ್ವಾಸಪುರದವರಿಗೂ ಹೆಚ್ಚು ಅಂತರವಿಲ್ಲ. ಆದರೆ ವಸ್ತು ವಸ್ತುವಷ್ಟೇ ಎಂದು ನಿಂತುಬಿಟ್ಟರೆ ಬಾಗಿಲಿಗೆ ಬಂದ ಹೆಂಗಸಿನ ವಿಷಯದಲ್ಲಿ ನಮಗೆ ಹೇಳಲು ಏನೂ ಉಳಿಯುವುದಿಲ್ಲ. ಇದಕ್ಕೆ ನಮ್ಮ ಕೂಟದಲ್ಲೇ ಸಾಕ್ಷಿ ಸಿಕ್ಕಿತ್ತು. ಮೊದಲ ಸಭೆಗೆ ತಡವಾಗಿ ಬಂದ, ಕತೆಯನ್ನು ಮೊದಲೇ ಓದಿಕೊಂಡಿರದ ಸದಸ್ಯೆಯೊಬ್ಬರು ಬಾಗಿಲಿನ ಸನ್ನಿವೇಶವನ್ನಷ್ಟೇ ಗಟ್ಟಿಯಾಗಿ ಓದುವುದನ್ನು ಕೇಳಿ, ಆ ತಾಯಿ ಮಾಡಿದ್ದರಲ್ಲಿ ತಪ್ಪೇನಿದೆ, ಮನೆಯ ಮರ್ಯಾದೆ ಉಳಿಸಿಕೊಂಡರು ಎಂದಿದ್ದರು. ಇರುವೆಗಳಿಲ್ಲದೆ ಓದಿದರೆ ಆ ಸನ್ನಿವೇಶ ಹಾಗೆ ಕಾಣುವುದು ಸಹಜ. ನಮ್ಮ ಧಾರಾವಾಹಿಗಳು ಅಂಥ ಬಾಗಿಲ ಜಗಳಗಳಿಂದಲೇ ನಡೆಯುತ್ತವೆ. ಮುಂದಿನ ತಿಂಗಳೊಳಗೆ ಅವರು ಇಡೀ ಕತೆಯನ್ನು ಓದಿ ಬಂದರು. ತಾಯಿಯ ಬಗೆಗಿನ ಅಭಿಪ್ರಾಯ ಬದಲಾಗಿದೆ ಎಂದು ಅವರು ಹೇಳಲಿಲ್ಲ. ಚಿಕ್ಕಪ್ಪ ಯಾಕೆ ಹೊರಗೆ ಬರಲಿಲ್ಲ ಎಂಬ ಪ್ರಶ್ನೆ ಮಾತ್ರ ಈ ಸಲ ಅವರಿಗೆ ಬಂದಿತ್ತು, ಮತ್ತು ಅದಕ್ಕೆ ಅವರು ಕೊಟ್ಟುಕೊಂಡ ಉತ್ತರ ಹೀಗಿತ್ತು: “ಅವನಿಗೆ ಬರೋ ಅಗತ್ಯವೇ ಇರ್ಲಿಲ್ಲ ಸಾರ್, ಅವನ ಕೆಲಸ ಮಾಡೋಕೆ ಅಷ್ಟು ಜನ ಇದ್ರಲ್ಲ.” ಹಣವಿರುವವನು ಕೈ ಕೊಳೆ ಮಾಡಿಕೊಳ್ಳದೆ ಉಳಿಯುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ನಮ್ಮಲ್ಲಿ ಯಾರೂ ಹೇಳಲಿಲ್ಲ.

ಉಪನ್ಯಾಸಕಿಯವರು ಈ ಎರಡು ಸಭೆಗಳ ನಂತರ ತಮ್ಮ ತರಗತಿಯ ಕಿರುಪರೀಕ್ಷೆಯಲ್ಲಿ, ಹೆಣದ ಸಾಂಕೇತಿಕತೆಯನ್ನು ವಿವರಿಸಿ ಎಂಬ ಹಳೆಯ ಪ್ರಶ್ನೆಯನ್ನು ಕೈಬಿಟ್ಟು, ಹೆಣ ಸುಟ್ಟುಹೋದ ಮೇಲೂ ಅಗ್ರಹಾರದವರು ಅಪ್ಪಣೆಗಾಗಿ ಅಲೆಯುವುದು ಏಕೆ ಎಂದು ಕೇಳಿದರು. ಕೆಲವರು ಗೈಡಿನ ಉತ್ತರವನ್ನೇ ಹೇಗೋ ಹೊಂದಿಸಿ ಬರೆದಿದ್ದರು. ಒಬ್ಬ ಹುಡುಗ ಮಾತ್ರ, ಹೆಣ ಸುಟ್ಟದ್ದು ಅವರಿಗೆ ಗೊತ್ತಿರಲಿಲ್ಲ, ಯಾರೂ ಆ ಮನೆಯ ಬಾಗಿಲು ತೆಗೆದು ನೋಡಿರಲಿಲ್ಲ ಎಂದು ಒಂದೇ ಸಾಲು ಬರೆದಿದ್ದ. ಅದಕ್ಕೆ ಎಷ್ಟು ಅಂಕ ಕೊಡಬೇಕೆಂದು ಅವರು ಕೂಟದಲ್ಲಿ ಕೇಳಿದಾಗ ಪೂರ್ತಿ ಅಂಕ ಕೊಡಿ ಎಂದವರಲ್ಲಿ ಬ್ಯಾಂಕ್ ಅಧಿಕಾರಿ ಮೊದಲಿಗರು. ಉಪನ್ಯಾಸಕಿ ಅರ್ಧ ಅಂಕ ಕೊಟ್ಟು, ಪಕ್ಕದಲ್ಲಿ ‘ಯಾಕೆ ನೋಡಿರಲಿಲ್ಲ?’ ಎಂದು ಕೆಂಪು ಶಾಯಿಯಲ್ಲಿ ಬರೆದು ಹಾಳೆಯನ್ನು ಹಿಂತಿರುಗಿಸಿದರು.